ಒಂದು ಕುರ್ಚಿ ಖಾಲಿ ಇರಲಿ

ಅಂಕಣ: ನಡುಮನೆ

ದೀಪಾವಳಿಯ ಚಕ್ಕುಲಿ ಡಬ್ಬಿಯ ತಳ ಇನ್ನೂ ಕಂಡಿರಲಿಕ್ಕಿಲ್ಲ, ಅಷ್ಟರಲ್ಲೇ ರಾಜ್ಯೋತ್ಸವದ ಈ ಸಂಚಿಕೆ ನಿಮ್ಮ ಕೈಸೇರಿದೆ. ಹೋದ ಸಲ ಬಾಲ್ಕನಿಯ ಕುಂಡದಲ್ಲಿ ಮೆಂತ್ಯ ಸೊಪ್ಪು ಬೆಳೆದ ನನ್ನ ಸಾಹಸವನ್ನು ಬರೆದಿದ್ದೆ. ಓದಿ ಫೋನ್ ಮಾಡಿದವರಿಗೆಲ್ಲ ಧನ್ಯವಾದಗಳು. ಈ ಸಲ ಏನು ಬರೆಯಲಿ ಎಂದು ಕೇಳಿದಾಗ ನಮ್ಮ ಸಂಪಾದಕರು, "ಅಕ್ಕಾ, ಗಣಪತಿ ಹಬ್ಬ, ಯುಗಾದಿ, ಸಂಕ್ರಾಂತಿ ಎಲ್ಲ ಆಯಿತು. ನಿಮ್ಮ ಮನೆಯ ಹಬ್ಬದ ಬಗ್ಗೆ ಒಮ್ಮೆಯೂ ಬರೆದಿಲ್ಲವಲ್ಲ" ಎಂದರು. ಹೌದಲ್ಲವೇ ಎನಿಸಿತು. ಪ್ರತಿ ವರ್ಷ ನಮ್ಮ ಮನೆಗೆ ಬಂದು ಕೇಕ್ ತಿಂದು ಹೋಗುವ ನಿಮಗೆ, ಆ ಕೇಕಿನ ಹಿಂದಿನ ಕಥೆ ಹೇಳಿಯೇ ಇಲ್ಲ.

ಈ ದೇಶದಲ್ಲಿ ಕ್ರಿಸ್ಮಸ್ ಡಿಸೆಂಬರಿನಲ್ಲಿ ಬರುತ್ತದೆ ಎಂದು ನೀವು ತಿಳಿದಿದ್ದರೆ ಅದು ತಪ್ಪು. ಜರ್ಮನಿಯ ಸೂಪರ್ ಮಾರ್ಕೆಟ್ಟಿಗೆ ಅದು ಸೆಪ್ಟೆಂಬರಿನಲ್ಲೇ ಬಂದು ಕೂತಿರುತ್ತದೆ! ನಾವಿನ್ನೂ ಬೇಸಿಗೆಯ ಚಪ್ಪಲಿ ಎತ್ತಿಟ್ಟಿರುವುದಿಲ್ಲ, ಆಗಲೇ ಲೇಬ್‌ಕೂಖೆನ್ ಪೊಟ್ಟಣಗಳು ಗುಡ್ಡೆ ಬಿದ್ದಿರುತ್ತವೆ. ಅಲ್ಲಿಂದ ಶುರುವಾಗುವ ಪಟ್ಟಿ ಡಿಸೆಂಬರ್ 24ರ ಮಧ್ಯಾಹ್ನದವರೆಗೂ ಮುಗಿಯುವುದಿಲ್ಲ. ನಾನೂ ಆ ಪಟ್ಟಿಯ ಹಿಂದೆ ಸುಮಾರು ವರ್ಷ ಓಡಿದವಳೇ. ಓಡುವುದನ್ನು ಹೇಗೆ ನಿಲ್ಲಿಸಿದೆ ಎಂಬುದೇ ಇವತ್ತಿನ ಮಾತು.

ಮೊದಲು ನಮ್ಮೂರಿನ ಹಬ್ಬ ಹೇಗಿತ್ತೆಂದು ಹೇಳಿಬಿಡುತ್ತೇನೆ. ನಾನು ಹುಟ್ಟಿ ಬೆಳೆದದ್ದು ಧಾರವಾಡದಲ್ಲಿ. ಬಾಸೆಲ್ ಮಿಷನ್ ಅಲ್ಲಿಗೆ ಬಂದದ್ದು 1837ರಲ್ಲಿ. ನಮ್ಮ ಹಳೆಯ ಚರ್ಚುಗಳು, ಶಾಲೆಗಳು ಆ ಕಾಲದವರು ಹಾಕಿದ ಬುನಾದಿಯ ಮೇಲೆ ನಿಂತವು. ಅಪ್ಪ ಶಾಲೆಯ ಮಾಸ್ತರರು. ಮನೆಯಲ್ಲಿ ಐದು ಮಕ್ಕಳು, ಸಂಬಳ ಅಷ್ಟಕ್ಕಷ್ಟೇ. ಡಿಸೆಂಬರ್ ಬಂತೆಂದರೆ ಮನೆಗೆ ಸುಣ್ಣ. ಬಿದಿರು ಕಡ್ಡಿಗೆ ಬಣ್ಣದ ಕಾಗದ ಅಂಟಿಸಿ ಅಣ್ಣ ಮಾಡಿದ ನಕ್ಷತ್ರ ಬಾಗಿಲ ಮುಂದೆ. ಎಲ್ಲರಿಗೂ ಒಂದೊಂದು ಹೊಸ ಅಂಗಿ. ಅದೂ ಒಂದೇ ಥಾನಿನ ಬಟ್ಟೆಯಲ್ಲಿ ಹೊಲಿಸಿದ್ದು, ಅಕ್ಕತಂಗಿಯರೆಲ್ಲ ಬ್ಯಾಂಡ್ ಸೆಟ್ಟಿನವರಂತೆ ಕಾಣುತ್ತಿದ್ದೆವು! ಓಣಿಯ ಹೆಂಗಸರೆಲ್ಲ ಒಂದು ದಿನ ಒಬ್ಬರ ಮನೆ, ಇನ್ನೊಂದು ದಿನ ಇನ್ನೊಬ್ಬರ ಮನೆ ಎಂದು ಕೂಡಿ ಕರ್ಚಿಕಾಯಿ, ಚಕ್ಕಲಿ, ಶಂಕರಪಾಳಿ ಕರಿಯುತ್ತಿದ್ದರು. ರಾತ್ರಿ ಹಾಡಿನವರ ಗುಂಪು ಕಂದೀಲು ಹಿಡಿದು ಮನೆ ಮನೆಗೆ ಬರುತ್ತಿತ್ತು. ಹಬ್ಬದ ದಿನ ಆರಾಧನೆ ಮುಗಿಸಿ ಬಂದ ಮೇಲೆ, ದೀಪಾವಳಿಗೆ ನಮಗೆ ತಟ್ಟೆ ಕಳಿಸಿದ್ದ ಮನೆಗಳಿಗೆಲ್ಲ ನಮ್ಮ ತಟ್ಟೆ ಹೋಗುತ್ತಿತ್ತು.

ಊಟಕ್ಕೆ ಮೊದಲು ಒಂದು ಕೆಲಸ ಮಾತ್ರ ಎಂದೂ ತಪ್ಪುತ್ತಿರಲಿಲ್ಲ. ಅಪ್ಪ ಕನ್ನಡಕ ಒರೆಸಿಕೊಂಡು ಸತ್ಯವೇದ ತೆಗೆದು ಲೂಕನ ಸುವಾರ್ತೆಯ ಎರಡನೆಯ ಅಧ್ಯಾಯ ಓದುತ್ತಿದ್ದರು. ಛತ್ರದಲ್ಲಿ ಸ್ಥಳ ಸಿಗದೆ ಕೂಸನ್ನು ಗೋದಲಿಯಲ್ಲಿ ಮಲಗಿಸಿದ ಕಥೆ. ಹತ್ತೇ ನಿಮಿಷ. ಸಾರಿನ ವಾಸನೆಗೆ ನಮ್ಮ ಹೊಟ್ಟೆ ಗುರುಗುಟ್ಟುತ್ತಿದ್ದರೂ ಯಾರೂ ಮಿಸುಕುತ್ತಿರಲಿಲ್ಲ. ಅವ್ವ ಕೂಡ ಒಲೆ ಬಿಟ್ಟು ಬಂದು, ಸೆರಗು ತಲೆಯ ಮೇಲೆ ಎಳೆದುಕೊಂಡು ಕೂಡುತ್ತಿದ್ದಳು. ವರ್ಷದಲ್ಲಿ ಅವಳು ಹಾಗೆ ಸುಮ್ಮನೆ ಕೂತದ್ದನ್ನು ನೋಡಿದ ನೆನಪು ನನಗೆ ಹೆಚ್ಚಿಲ್ಲ.

ಇಷ್ಟೆಲ್ಲ ಇದ್ದವಳು ಇಲ್ಲಿಗೆ ಬಂದ ಮೇಲೆ ಏನು ಮಾಡಿದೆ ಗೊತ್ತೇ? ಮದುವೆಯಾಗಿ 2001ರಲ್ಲಿ ಸ್ಟುಟ್‌ಗಾರ್ಟಿಗೆ ಬಂದೆ. ಇಲ್ಲಿಯ ಕ್ರಿಸ್ಮಸ್ ಮಾರುಕಟ್ಟೆಯ ಉಲ್ಲೇಖ 1692ರಷ್ಟು ಹಿಂದಕ್ಕೆ ಸಿಗುತ್ತದೆಯಂತೆ. ಅಂಗಡಿಗಳ ಮಾಡಿನ ಮೇಲೆಲ್ಲ ಗೊಂಬೆ, ದೀಪ, ಫರ್ ಗಿಡದ ಟೊಂಗೆ. ನೋಡಿ ಕಣ್ಣು ತಿರುಗಿತು. ಮೊದಲ ವರ್ಷ ಒಂದು ಸಣ್ಣ ಗಿಡ ತಂದೆವು. ಮರುವರ್ಷ ದೊಡ್ಡದು. ಮಕ್ಕಳಾದ ಮೇಲೆ ಉಡುಗೊರೆಗಳು ಬೆಳೆದವು. ಆಫೀಸಿನವರಿಗೆ, ಬಾಲವಾಡಿಯ ಟೀಚರುಗಳಿಗೆ, ನೆರೆಯವರಿಗೆಲ್ಲ ಬಿಸ್ಕತ್ತಿನ ಪೊಟ್ಟಣ. ಊರಿನದೂ ಬಿಡಬಾರದಲ್ಲ, ಅದಕ್ಕೇ ಕರ್ಚಿಕಾಯಿ, ಚಕ್ಕುಲಿ. ಇಲ್ಲಿಯದೂ ಬಿಡಬಾರದಲ್ಲ, ಅದಕ್ಕೇ ಆರು ಬಗೆಯ ಬಿಸ್ಕತ್ತು. ಊರಿನಲ್ಲಿ ಹತ್ತು ಕೈ ಕೂಡಿ ಮಾಡುತ್ತಿದ್ದ ಕೆಲಸವನ್ನು ಇಲ್ಲಿ ಎರಡೇ ಕೈಯಲ್ಲಿ, ಅದೂ ಕೆಲಸದಿಂದ ಬಂದ ಮೇಲೆ, ಎರಡು ದೇಶದ ಲೆಕ್ಕದಲ್ಲಿ ಮಾಡುತ್ತಿದ್ದೆ. ಜನವರಿಯಲ್ಲಿ ಬ್ಯಾಂಕಿನ ಕಾಗದ ಬಂದಾಗ ನಮ್ಮ ಮನೆಯವರ ಮುಖ ನೋಡಲು ನನಗೆ ಧೈರ್ಯವಿರುತ್ತಿರಲಿಲ್ಲ.

2009ರಲ್ಲಿ ಅವ್ವ ಬಂದಳು. ಅಪ್ಪ ತೀರಿಕೊಂಡು ಎರಡು ವರ್ಷವಾಗಿತ್ತು. ಮೂರು ತಿಂಗಳ ವೀಸಾ. ಅವಳ ಸೂಟ್‌ಕೇಸಿನಲ್ಲಿ ಸೀರೆಗಳಿಗಿಂತ ಹೆಚ್ಚು ಜಾಗ ಹಿಡಿದಿದ್ದವು ಶೇಂಗಾ ಚಟ್ನಿಪುಡಿ, ಕೆಂಪು ಖಾರದ ಪೊಟ್ಟಣಗಳು. ಅವುಗಳ ನಡುವೆ ಬಟ್ಟೆಯಲ್ಲಿ ಸುತ್ತಿದ ಅಪ್ಪನ ಸತ್ಯವೇದ. ಅವ್ವನಿಗೆ ನಮ್ಮ ಕ್ರಿಸ್ಮಸ್ ತೋರಿಸಬೇಕು, ಮಗಳು ಪರದೇಶದಲ್ಲಿ ಎಷ್ಟು ಚೆನ್ನಾಗಿ ಹಬ್ಬ ಮಾಡುತ್ತಾಳೆ ಎಂದು ಅವಳು ಊರಿಗೆ ಹೋಗಿ ಹೇಳಬೇಕು. ಇದು ನನ್ನ ಹಟ. ಇಪ್ಪತ್ತೆಂಟು ಜನರನ್ನು ಊಟಕ್ಕೆ ಕರೆದೆ.

ಆ ವರ್ಷ 25 ಶುಕ್ರವಾರ ಬಿದ್ದಿತ್ತು. ಇಲ್ಲಿ 25, 26 ಎರಡೂ ರಜೆ, ಮೇಲೆ ಭಾನುವಾರ. ಮೂರು ದಿನ ಸಾಲಾಗಿ ಅಂಗಡಿ ಮುಚ್ಚುತ್ತವೆ ಎಂದು ಊರೇ 24ರ ಬೆಳಿಗ್ಗೆ ಅಂಗಡಿಗೆ ನುಗ್ಗಿತ್ತು. ನಾನೂ ನುಗ್ಗಿದೆ. ಮಧ್ಯಾಹ್ನ ಮನೆಗೆ ಬಂದು ಬಿರಿಯಾನಿಗೆ ಈರುಳ್ಳಿ ಹೆಚ್ಚಲು ಕೂತೆ. ಸಂಜೆ ಐದಕ್ಕೆ ಚರ್ಚಿನಲ್ಲಿ ಆರಾಧನೆ. ನಾಲ್ಕೂವರೆಗೆ ಅವ್ವ ಇಳಕಲ್ ಸೀರೆ ಉಟ್ಟು, ಅದರ ಮೇಲೆ ನನ್ನ ಹಳೆಯ ಕೋಟು ಹಾಕಿಕೊಂಡು ಬಾಗಿಲ ಬಳಿ ಬಂದು ನಿಂತಳು. ಒಲೆಯ ಮೇಲೆ ಮೂರು ಪಾತ್ರೆ, ಓವನ್ನಿನಲ್ಲಿ ಕೇಕು. "ಅವ್ವಾ, ಇನ್ನೊಂದು ಹತ್ತು ನಿಮಿಷ" ಎಂದೆ. ಐದೂ ಕಾಲಿಗೆ ಅವಳು ಸದ್ದಿಲ್ಲದೆ ಕೋಟು ಕಳಚಿ ಗೂಟಕ್ಕೆ ಹಾಕಿದಳು.

ಮರುದಿನ ಜನ ಬಂದರು, ಉಂಡರು, ಹೊಗಳಿದರು. ಟಿವಿ ಹಾಡುತ್ತಿತ್ತು, ಮಕ್ಕಳು ಉಡುಗೊರೆಯ ಕಾಗದ ಹರಿಯುತ್ತಿದ್ದರು. ಕುರ್ಚಿ ಸಾಲದೆ ಕೆಲವರು ನಿಂತೇ ಉಂಡರು. ಊಟಕ್ಕೆ ಮೊದಲು ಅವ್ವ ಸತ್ಯವೇದ ತೊಡೆಯ ಮೇಲೆ ಇಟ್ಟುಕೊಂಡು ನನ್ನ ಕಡೆ ನೋಡಿದಳು. "ಎಲ್ಲಾ ಆರತದ ಅವ್ವಾ, ಆಮ್ಯಾಲ ಓದೋಣು" ಎಂದೆ. ಆಮೇಲೆ ಎಂಬುದು ಬರಲೇ ಇಲ್ಲ. ರಾತ್ರಿ ಹನ್ನೊಂದಕ್ಕೆ ಪಾತ್ರೆ ತೊಳೆದು ಸೊಂಟ ಹಿಡಿದುಕೊಂಡು ಬಂದಾಗ ಅವಳು ಆ ಪುಸ್ತಕವನ್ನು ಮತ್ತೆ ಬಟ್ಟೆಯಲ್ಲಿ ಸುತ್ತುತ್ತಿದ್ದಳು. "ಹೆಂಗಿತ್ತವ್ವಾ ಹಬ್ಬ?" ಎಂದು ಕೇಳಿದೆ. ಹೊಗಳಿಕೆ ಬೇಕಿತ್ತು ನನಗೆ.

"ಭಾಳ ಛಂದ ಆತು ನೋಡವಾ. ಊಟ ಛಲೋ, ದೀಪ ಛಲೋ, ಮಂದಿ ಛಲೋ. ಯಾರ ಹುಟ್ಟಿದ ಹಬ್ಬನೋ ಅವಗ ಕೂಡಾಕ ಒಂದು ಕುರ್ಚಿ ಇರಲಿಲ್ಲ, ಅಷ್ಟ."

ಬಯ್ದಿದ್ದರೆ ತಿರುಗಿ ಏನಾದರೂ ಅಂದುಬಿಡುತ್ತಿದ್ದೆ. ಆದರೆ ಅವಳು ನಗುತ್ತಲೇ ಹೇಳಿ ಮಲಗಲು ಹೋದಳು. ನನಗೆ ಸಿಟ್ಟು ಬಂತು. ಇಷ್ಟೆಲ್ಲ ಯಾರಿಗಾಗಿ ಮಾಡಿದ್ದು? ಬೆಳಗಿನ ಜಾವದವರೆಗೆ ನಿದ್ದೆ ಬರಲಿಲ್ಲ. ಯಾರಿಗಾಗಿ ಎಂಬ ಆ ಪ್ರಶ್ನೆಗೆ ನನ್ನಲ್ಲೇ ಸರಿಯಾದ ಉತ್ತರ ಇರಲಿಲ್ಲ.

ಆ ಜನವರಿಯಲ್ಲಿ ನಮ್ಮ ಕೆಳಗಿನ ಮನೆಯ ಅಜ್ಜಿಗೆ ಉಳಿದ ಕೇಕ್ ಕೊಡಲು ಹೋಗಿದ್ದೆ. ಪೋಲೆಂಡಿನಿಂದ ಬಂದವರು, ಒಬ್ಬರೇ ಇರುತ್ತಿದ್ದರು. ಮಾತಿಗೆ ಅವ್ವನ ಕುರ್ಚಿಯ ಕಥೆ ಹೇಳಿದೆ. ಅವರು ನಕ್ಕು, ತಮ್ಮ ಕಡೆ 24ರ ರಾತ್ರಿ ಊಟಕ್ಕೆ ಒಂದು ತಟ್ಟೆ ಹೆಚ್ಚಿಗೆ ಇಡುತ್ತಾರೆ ಎಂದರು. ಕರೆಯದೆ ಬರುವ ಅತಿಥಿಗೆ ಅದು. ಯಾರು ಬಂದು ಬಾಗಿಲು ತಟ್ಟಿದರೂ ಒಳಗೆ ಕರೆದು ಆ ಜಾಗದಲ್ಲಿ ಕೂಡಿಸಬೇಕು. ಧಾರವಾಡದ ಅವ್ವ ಕೇಳಿದ ಕುರ್ಚಿಯನ್ನು ಪೋಲೆಂಡಿನವರು ಆಗಲೇ ಹಾಕಿಟ್ಟಿದ್ದರು!

ಆ ವರ್ಷದಿಂದ ನಾವು ಒಂದೊಂದಾಗಿ ಬಿಡುತ್ತಾ ಬಂದೆವು. ಅದಕ್ಕೆ ಮೊದಲು ಇನ್ನೊಂದು ತಿಳಿದುಕೊಂಡೆ. ಇಲ್ಲಿಯವರ ಹಳೆಯ ಹಬ್ಬ ನಾನು ಅಂದುಕೊಂಡಷ್ಟು ಆಡಂಬರದ್ದಲ್ಲ. ಇಲ್ಲಿಯ ಎಷ್ಟೋ ಮನೆಗಳಲ್ಲಿ 24ರ ರಾತ್ರಿಯ ಊಟ ಏನು ಗೊತ್ತೇ? ಆಲೂಗಡ್ಡೆ ಸಲಾಡು, ಜೊತೆಗೆ ಬೇಯಿಸಿದ ಸಾಸೇಜು. ಅಷ್ಟೇ! ಚರ್ಚಿನಿಂದ ಬಂದು ಒಲೆ ಹಚ್ಚುವ ಕಷ್ಟವೂ ಇಲ್ಲದ ಊಟ. ಇನ್ನು ಹಬ್ಬಕ್ಕೆ ಮುಂಚಿನ ನಾಲ್ಕು ಭಾನುವಾರಗಳನ್ನು, ಅಂದರೆ ನಾವು ಆಗಮನ ಕಾಲ ಎನ್ನುವುದನ್ನು, ಇವರು ಹಸಿರು ಟೊಂಗೆಯ ಚಕ್ರದಲ್ಲಿ ನಾಲ್ಕು ಮೇಣದ ಬತ್ತಿ ಇಟ್ಟು ಎಣಿಸುತ್ತಾರೆ. ಅದರ ಮೂಲ ಕೇಳಿ. ಹ್ಯಾಂಬರ್ಗ್‌ನಲ್ಲಿ ಬಡ ಮಕ್ಕಳನ್ನು ಸಾಕುತ್ತಿದ್ದ ಯೋಹಾನ್ ಹಿನ್ರಿಖ್ ವಿಖರ್ನ್ ಎಂಬ ಪಾದ್ರಿ 1839ರಲ್ಲಿ ಗಾಡಿಯ ಚಕ್ರವೊಂದನ್ನು ತೂಗುಹಾಕಿ, ಭಾನುವಾರಕ್ಕೆ ದೊಡ್ಡ ಬಿಳಿ ಬತ್ತಿ, ಉಳಿದ ದಿನಕ್ಕೆ ಸಣ್ಣ ಕೆಂಪು ಬತ್ತಿ ಇಟ್ಟು, ದಿನಕ್ಕೊಂದು ಹೊತ್ತಿಸಿದರು. ಹಬ್ಬಕ್ಕೆ ಇನ್ನೆಷ್ಟು ದಿನ ಎಂದು ಕೇಳುವ ಮಕ್ಕಳಿಗೆ ಉತ್ತರ ಅದು. ಅದೇ ಈಗ ನಾಲ್ಕು ಬತ್ತಿಯ ಚಕ್ರವಾಗಿ ಮನೆಮನೆಗೆ ಬಂದಿದೆ. ಕಾಯುವುದನ್ನು ಕಲಿಸಲು ಹುಟ್ಟಿದ ವಸ್ತು. ನಾನೋ ಆ ನಾಲ್ಕು ಭಾನುವಾರಗಳನ್ನು ಬಿಸ್ಕತ್ತು ಸುಡುವುದಕ್ಕೆ ಬಳಸಿಬಿಟ್ಟಿದ್ದೆ.

ಈಗ ನಮ್ಮ ಮನೆಯ ಕ್ರಮ ಹೀಗಿದೆ. ಆಗಮನ ಕಾಲದ ನಾಲ್ಕೂ ಭಾನುವಾರ ಸಂಜೆ ಬತ್ತಿ ಹಚ್ಚಿ ಅರ್ಧ ಗಂಟೆ ಕೂಡುತ್ತೇವೆ. ಒಂದು ಓದು, ಒಂದು ಹಾಡು, ಒಂದು ಪ್ರಾರ್ಥನೆ, ಒಂದು ಫೋನು. ಫೋನು ಏಕೆಂದರೆ, ಮೊದಲು ಅರವತ್ತು ಕಾರ್ಡು ಬರೆದು ಒಂದಕ್ಕೂ ಎರಡು ಸಾಲಿಗಿಂತ ಹೆಚ್ಚು ಬರೆಯುತ್ತಿರಲಿಲ್ಲ. ಈಗ ಊರಿನಲ್ಲಿ ಒಬ್ಬಂಟಿಯಾಗಿರುವ ನಾಲ್ಕು ಹಿರಿಯರಿಗೆ ಭಾನುವಾರಕ್ಕೊಬ್ಬರಂತೆ ಫೋನ್ ಮಾಡಿ ಅವರ ಮಾತು ಮುಗಿಯುವವರೆಗೆ ಕೇಳುತ್ತೇವೆ. ಮಂಡಿನೋವಿನ ಪುರಾಣ ಸಹಿತ!

ಉಡುಗೊರೆಗೆ ಚೀಟಿ ಎತ್ತುತ್ತೇವೆ. ನಾಲ್ವರ ಹೆಸರು ಬರೆದು ಡಬ್ಬಿಗೆ ಹಾಕಿ, ಯಾರ ಹೆಸರು ಬಂತೋ ಅವರಿಗೆ ಮಾತ್ರ ಒಂದು ಉಡುಗೊರೆ. ಮೊದಲ ವರ್ಷ ಮಗ ಮುಖ ಊದಿಸಿಕೊಂಡ. ಆಗ ಅವನಿಗೆ ಏಳು ವರ್ಷ. ಕ್ಲಾಸಿನಲ್ಲಿ ಎಲ್ಲರಿಗೂ ಎಷ್ಟೆಷ್ಟು ಸಿಗುತ್ತದೆ ಎಂದು ಲೆಕ್ಕ ಒಪ್ಪಿಸಿದ. ನನಗೂ ಕರುಳು ಚುರುಕ್ ಎಂದಿತು. ಹಿಂದಿನ ಬಾಗಿಲಿಂದ ಒಂದು ಕಾರು ತಂದುಕೊಟ್ಟೆ ಎಂದು ಇಲ್ಲಿ ಒಪ್ಪಿಕೊಳ್ಳುತ್ತೇನೆ. ಮೂರನೆಯ ವರ್ಷಕ್ಕೆ ಅವನೇ ಅಕ್ಕನಿಗೆ ಬರೆಯುವ ಪುಸ್ತಕ ಹೊಲಿದು ಕೊಟ್ಟ. ಅದು ಅವಳ ಹಾಸ್ಟೆಲ್ ಕೋಣೆಯಲ್ಲಿ ಇಂದಿಗೂ ಇದೆ. ಉಳಿದ ದುಡ್ಡಿನಲ್ಲಿ ಒಂದು ಪಾಲನ್ನು ಮಕ್ಕಳ ಕೈಯಲ್ಲೇ ಚರ್ಚಿನ ಕಾಣಿಕೆಗೆ ಹಾಕಿಸುತ್ತೇವೆ. ಇಲ್ಲಿಯ ಪ್ರೊಟೆಸ್ಟೆಂಟ್ ಚರ್ಚುಗಳಲ್ಲಿ 1959ರಿಂದ ಕ್ರಿಸ್ಮಸ್ ಕಾಣಿಕೆ 'ಬ್ರೋಟ್ ಫ್ಯೂರ್ ಡೀ ವೆಲ್ಟ್', ಅಂದರೆ 'ಜಗತ್ತಿಗೆ ರೊಟ್ಟಿ' ಎಂಬ ನಿಧಿಗೆ ಹೋಗುತ್ತದೆ.

ಅಡುಗೆಯೂ ಇಳಿಯಿತು. 24ರಂದು ಆಲೂಗಡ್ಡೆ ಸಲಾಡು, ಪಕ್ಕದಲ್ಲಿ ಮೊಸರನ್ನ. ನಗಬೇಡಿ, ಒಳ್ಳೆಯ ಜೋಡಿ! ಕರ್ಚಿಕಾಯಿ ಮಾತ್ರ ಬಿಟ್ಟಿಲ್ಲ, ಆದರೆ ಅದನ್ನು ಒಂದು ಶನಿವಾರ ಮೂರು ಮನೆಯವರು ಕೂಡಿ ಮಾಡುತ್ತೇವೆ. ಆರು ಬಗೆಯ ಬಿಸ್ಕತ್ತನ್ನು ಬೇಕರಿಯವರಿಗೆ ಬಿಟ್ಟುಕೊಟ್ಟಿದ್ದೇನೆ. ಇನ್ನು ಅತಿಥಿಗಳು. ಹಬ್ಬ ಒಂದೇ ದಿನದ್ದಲ್ಲ. 25ರಿಂದ ಜನವರಿ 6ರ ಮೂವರು ಜ್ಞಾನಿಗಳ ಹಬ್ಬದವರೆಗೂ ಅದು ನಡೆಯುತ್ತದೆ. ನಮ್ಮ ರಾಜ್ಯದಲ್ಲಂತೂ ಜನವರಿ 6 ಸರಕಾರಿ ರಜೆ. ಆದ್ದರಿಂದ ನಿಮ್ಮನ್ನೆಲ್ಲ ಈಗ ಒಂದೇ ದಿನ ಗುಂಪಾಗಿ ಕರೆಯದೆ, ಆ ದಿನಗಳಲ್ಲಿ ಒಂದೆರಡು ಮನೆಯವರನ್ನಾಗಿ ಕರೆಯುತ್ತೇನೆ. ಮೊದಲ ವರ್ಷ ಒಬ್ಬ ಗೆಳತಿ, ನನ್ನನ್ನು 25ಕ್ಕೆ ಕರೆಯಲಿಲ್ಲ ಎಂದು ಬೇಸರಿಸಿಕೊಂಡು ಆರು ತಿಂಗಳು ಮಾತು ಬಿಟ್ಟಳು. ಅದೂ ನಿಜ. ಸರಳವಾಗಿರುವುದಕ್ಕೂ ಬೆಲೆ ತೆರಬೇಕಾಗುತ್ತದೆ. ಈಗ ಅವಳೇ, ಮೂರು ತಾಸು ಕೂತು ಮಾತಾಡಲು ಸಿಕ್ಕಿದ್ದು ಇದೇ ಮೊದಲು ಎನ್ನುತ್ತಾಳೆ.

ಈಸ್ಟರಿಗೂ ಇದೇ ದಾರಿ. ಇಲ್ಲಿಯ ಅಂಗಡಿಗಳಲ್ಲಿ ಅದು ಮೊಲ, ಚಾಕಲೇಟ್ ಮೊಟ್ಟೆಗಳ ಹಬ್ಬ. ಆದರೆ ಅದರ ಮುಂಚಿನ ಶುಭ ಶುಕ್ರವಾರ ಈ ದೇಶದಲ್ಲಿ ಇಂದಿಗೂ ಮೌನದ ದಿನ. ಅಂಗಡಿ ಮುಚ್ಚಿರುತ್ತವೆ, ಸಾರ್ವಜನಿಕ ಕುಣಿತಕ್ಕೂ ಕಾನೂನಿನ ತಡೆಯುಂಟು. ಆ ದಿನ ನಾವೂ ಟಿವಿ, ಕಂಪ್ಯೂಟರ್ ಮುಚ್ಚಿ ಗಂಜಿ ಕುಡಿಯುತ್ತೇವೆ. ಊರಿನಲ್ಲಿ ಭಾನುವಾರ ಬೆಳಕು ಹರಿಯುವ ಮೊದಲೇ ಸ್ಮಶಾನದಲ್ಲಿ ಹಿರಿಯರ ಸಮಾಧಿಗಳ ನಡುವೆ ನಿಂತು ಹಾಡುತ್ತಿದ್ದೆವು. ಆ ಚಳಿ, ಆ ಹೂವಿನ ವಾಸನೆ ನೆನೆಸಿಕೊಂಡರೆ ಚಾಕಲೇಟು ತಾನಾಗಿಯೇ ಸಣ್ಣದಾಗುತ್ತದೆ.

ಒಂದು ವಿಷಯ ಹೇಳಲೇಬೇಕು. ನಾನು ಇಲ್ಲಿಯ ಚರ್ಚಿಗೆ ಮೊದಲ ಸಲ ಹೋದಾಗ ಒಂದಕ್ಷರ ಜರ್ಮನ್ ಬರುತ್ತಿರಲಿಲ್ಲ. ಆರ್ಗನ್ ನುಡಿಸಲು ಶುರು ಮಾಡಿದರು ನೋಡಿ, ಕಣ್ಣಲ್ಲಿ ನೀರು ಬಂತು. ಧಾಟಿ ನನ್ನದೇ! ಧಾರವಾಡದಲ್ಲಿ ಕನ್ನಡ ಮಾತುಗಳಲ್ಲಿ ಹಾಡುತ್ತಿದ್ದ ರಾಗ ಇದೇ ಸೀಮೆಯಿಂದ ಬಂದದ್ದು ಎಂದು ಅಂದೇ ತಿಳಿದದ್ದು. 1843ರಲ್ಲಿ ಕನ್ನಡದ ಮೊದಲ ಪತ್ರಿಕೆ 'ಮಂಗಳೂರ ಸಮಾಚಾರ' ಹೊರಡಿಸಿದ ಹರ್ಮನ್ ಮೊಗ್ಲಿಂಗ್ ಹುಟ್ಟಿದ ಬ್ರಾಕೆನ್‌ಹೈಮ್ ಇಲ್ಲಿಗೆ ದೂರವಿಲ್ಲ. ಅವರು ತೀರಿಕೊಂಡ ಎಸ್ಲಿಂಗೆನ್ ನಮ್ಮ ಪಕ್ಕದ ಊರು. 1894ರಲ್ಲಿ ಕನ್ನಡ ನಿಘಂಟು ಕೊಟ್ಟ ಕಿಟೆಲ್ ಕೊನೆಯುಸಿರೆಳೆದದ್ದು ಟ್ಯೂಬಿಂಗೆನ್‌ನಲ್ಲಿ, 1903ರಲ್ಲಿ. ಕಿಟೆಲ್ 1862ರಲ್ಲಿ 'ಕಥಾಮಾಲೆ' ಎಂದು ಯೇಸುವಿನ ಕಥೆಯನ್ನು ಕನ್ನಡ ಪದ್ಯದಲ್ಲಿ ಬರೆದರು. ಇಲ್ಲಿಂದ ಅಲ್ಲಿಗೆ ದಾಟಿ ಹೋಗಿ ನಮ್ಮ ಮನೆಗಳಲ್ಲಿ ಉಳಿದದ್ದು ಆ ಕಥೆ ಮತ್ತು ಹಾಡು. ಅಲಂಕಾರದ ಗಿಡವಿಲ್ಲದೆಯೂ ನಮ್ಮ ಓಣಿಯಲ್ಲಿ ಕ್ರಿಸ್ಮಸ್ ಆಗುತ್ತಿತ್ತು. ಕಥೆಯಿಲ್ಲದೆ ಆಗುತ್ತಿರಲಿಲ್ಲ.

ಇದನ್ನೆಲ್ಲ ಓದುತ್ತಾ ನಿಮ್ಮಲ್ಲಿ ಕೆಲವರು, ಇದು ನಮ್ಮ ಮನೆಯ ಗೌರಿ ಹಬ್ಬದ ಕಥೆಯೇ ಅಲ್ಲವೇ ಎಂದುಕೊಳ್ಳುತ್ತಿರಬಹುದು. ಪೂಜೆಗೆ ಕೂತಾಗ ಮನಸ್ಸೆಲ್ಲ ಕುಕ್ಕರಿನ ಸೀಟಿಯ ಮೇಲೆ, ಅಲ್ಲವೇ? ನಿಮ್ಮ ಹಬ್ಬದ ನಡುವೆ ಏನಿರಬೇಕೆಂದು ನಾನು ಹೇಳಲಾರೆ, ಅದು ನಿಮಗೇ ಗೊತ್ತು. ನಾನು ಕಂಡುಕೊಂಡದ್ದು ಇಷ್ಟೇ: ಆ ನಡುವಿನದನ್ನು ಮೊದಲು ಮಾಡಿಬಿಡಬೇಕು. ಮಿಕ್ಕದ್ದೆಲ್ಲ ಉಳಿದ ಹೊತ್ತಿನಲ್ಲಿ ಆದಷ್ಟು ಆಗಲಿ. ನಾನು ಎಲ್ಲ ಮುಗಿದ ಮೇಲೆ ದೇವರಿಗೆ ಹೊತ್ತು ಕೊಡುತ್ತೇನೆ ಎಂದಿದ್ದೆ. ಎಲ್ಲ ಮುಗಿಯುವುದು ಎಂಬುದೇ ಇಲ್ಲ. ಮಕ್ಕಳ ಆಸೆಗೆ ಮನೆಯಲ್ಲಿ ಕ್ರಿಸ್ಮಸ್ ಗಿಡ ಇಡುವ ನಿಮ್ಮೆಲ್ಲರಿಗೂ ಒಂದು ಮಾತು. ಸಂತೋಷವಾಗಿ ಇಡಿ, ಆದರೆ ನಿಮ್ಮ ಹಬ್ಬಗಳ ಓಟದ ಮೇಲೆ ನಮ್ಮ ಹಬ್ಬದ ಓಟವನ್ನೂ ತಲೆಗೆ ಕಟ್ಟಿಕೊಳ್ಳಬೇಡಿ!

ಈಗ 24ರ ಮಧ್ಯಾಹ್ನ ಮೂರಕ್ಕೆ ನಮ್ಮ ಮನೆಯಲ್ಲಿ ಒಲೆ ಆರುತ್ತದೆ. ಆಗ ಧಾರವಾಡದಲ್ಲಿ ರಾತ್ರಿ ಏಳೂವರೆ. ಅವ್ವನಿಗೀಗ ಎಂಬತ್ತಾರು, ವಿಮಾನ ಹತ್ತುವ ಶಕ್ತಿಯಿಲ್ಲ. ಅಣ್ಣನ ಮಗಳು ಫೋನಿನಲ್ಲಿ ವಿಡಿಯೋ ಹಾಕಿಕೊಡುತ್ತಾಳೆ. ಅವ್ವ ಅಪ್ಪನ ಅದೇ ಸತ್ಯವೇದದಿಂದ ಲೂಕನ ಎರಡನೆಯ ಅಧ್ಯಾಯ ಓದುತ್ತಾಳೆ. ಕಣ್ಣು ಮಂಜು, ಅರ್ಧ ನೋಡಿ ಓದುತ್ತಾಳೆ, ಅರ್ಧ ಬಾಯಿಪಾಠ. ನಡುನಡುವೆ ನೆಟ್ ನಿಂತು ಅವಳ ಮುಖ ಹಾಗೇ ಉಳಿದುಬಿಡುತ್ತದೆ. ನಾವು ಕಾಯುತ್ತೇವೆ. ಆಮೇಲೆ ಚರ್ಚಿಗೆ ಹೋಗುತ್ತೇವೆ. ತಡವಾಗಿ ಹೋದದ್ದು ಆಮೇಲೆ ಒಂದು ಸಲವೂ ಇಲ್ಲ.

ಊಟದ ಮೇಜಿನಲ್ಲಿ ಒಂದು ಕುರ್ಚಿ ಹೆಚ್ಚಿಗೆ ಹಾಕಿರುತ್ತೇವೆ. ಕೆಳಗಿನ ಮನೆಯ ಅಜ್ಜಿ ಇದ್ದಷ್ಟು ವರ್ಷ ಅವರೇ ಬಂದು ಕೂಡುತ್ತಿದ್ದರು. ಅವರು ಹೋದ ಮೇಲೆ ಒಂದು ವರ್ಷ ಅದು ಖಾಲಿಯೇ ಇತ್ತು. ಹೋದ ವರ್ಷ ದಾವಣಗೆರೆಯ ಒಬ್ಬ ಹುಡುಗ ಬಂದ. ಇಲ್ಲಿಗೆ ಓದಲು ಬಂದು ಮೂರು ತಿಂಗಳಾಗಿತ್ತಂತೆ. ಹಾಸ್ಟೆಲಿನವರೆಲ್ಲ ಊರಿಗೆ ಹೋಗಿದ್ದರು, ಕ್ಯಾಂಟೀನು ಮುಚ್ಚಿತ್ತು. "ಆಂಟಿ, ನಾವು ಲಿಂಗಾಯತರು, ನಾನು ಬರಬಹುದಾ?" ಎಂದು ಫೋನಿನಲ್ಲಿ ಕೇಳಿದ. "ಮೊಸರನ್ನ ಇದೆ, ಬಾರಪ್ಪಾ" ಎಂದೆ. ಎರಡು ಸಲ ಬಡಿಸಿಕೊಂಡ. ಮರುದಿನ ಅವ್ವನಿಗೆ ಇದನ್ನು ಹೇಳಿದಾಗ, "ಹಂಗಾರ ಈ ಸಲ ಬಂದಿದ್ದ ಅನ್ನು" ಎಂದಳು. ಯಾರು ಎಂದು ನಾನು ಕೇಳಲಿಲ್ಲ.

ಈ ವರ್ಷವೂ ಆ ಕುರ್ಚಿ ಇರುತ್ತದೆ. ನಿಮಗೆ ಗೊತ್ತಿರುವ ಯಾರಾದರೂ ಆ ರಾತ್ರಿ ಒಬ್ಬರೇ ಇರುವವರಿದ್ದರೆ ಸಂಘದವರ ಮೂಲಕ ನನಗೆ ತಿಳಿಸಿ. ಎಲ್ಲರಿಗೂ ರಾಜ್ಯೋತ್ಸವದ, ಮುಂಬರುವ ಕ್ರಿಸ್ಮಸ್ ಹಾಗೂ ಹೊಸ ವರ್ಷದ ಶುಭಾಶಯಗಳು. ಮುಂದಿನ ಸಂಚಿಕೆಯಲ್ಲಿ ಮತ್ತೆ ಭೇಟಿಯಾಗೋಣ.